ಮಟ್ಟಿಯಿಂದ ಮ್ಯಾಟಿಗೆ

ಗರಡಿಮನೆಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಅರೆಗತ್ತಲು. ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆ, ಲೋಡು, ಕಲ್ಲುಗುಂಡು, ನಡುವೆ ಕೆಮ್ಮಣ್ಣಿನ ಮಟ್ಟಿ. ಮಟ್ಟಿ ಹದಮಾಡುವುದೇ ದೊಡ್ಡ ಕೆಲಸ. ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ಗುದ್ದಲಿಯಿಂದ ಮತ್ತೆ ಮತ್ತೆ ಕೆದಕಬೇಕು. ಒಣಗಿದರೆ ಮೈ ತರಚುತ್ತದೆ, ಹಸಿ ಹೆಚ್ಚಾದರೆ ಕಾಲು ಜಾರುತ್ತದೆ.

ಇಂಥ ಗರಡಿಮನೆಗಳಿದ್ದ ತುಮಕೂರು, ಗುಬ್ಬಿ, ಕುಣಿಗಲ್ ಹಳೆಯ ಮೈಸೂರು ಸಂಸ್ಥಾನದ ಊರುಗಳು. ಕುಸ್ತಿಯಲ್ಲೂ ಮೈಸೂರೇ ಮಾದರಿ. ದಸರೆಯಲ್ಲಿ ಅರಮನೆಯಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಜಟ್ಟಿ ಸಮುದಾಯದವರಿಗೆ ಸೇರಿದ್ದು. ನೆತ್ತರು ಚಿಮ್ಮಿದೊಡನೆ ಅದು ಮುಗಿಯುತ್ತದೆ. ಉಳಿದವರದು ನಾಡಕುಸ್ತಿ. ಬೆಳಗಿನ ಜಾವ ದಂಡೆ, ಬಸ್ಕಿ, ಆಮೇಲೆ ಉಸ್ತಾದರ ಕಣ್ಣೆದುರು ಪಟ್ಟುಗಳ ತಾಲೀಮು. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ತಮಟೆಯ ಸದ್ದಿನ ನಡುವೆ ಪಂದ್ಯ. ತೂಕದ ಯಂತ್ರವಿರಲಿಲ್ಲ, ತೋಳು, ತೊಡೆ, ಅನುಭವ ನೋಡಿ ಹಿರಿಯರು ಜೋಡಿ ಕಟ್ಟುತ್ತಿದ್ದರು. ಮಾರ್ಫಿಟ್ ಕುಸ್ತಿಯಾದರೆ ಒಬ್ಬ ಚಿತ್ ಆಗುವವರೆಗೂ ಬಿಡುಗಡೆಯಿಲ್ಲ.

ಕಾಲ ಕಳೆದಂತೆ ಇದೆಲ್ಲ ಬದಲಾಯಿತು. ಇಂಥ ಬದಲಾವಣೆ ಕುಸ್ತಿಗೆ ಮಾತ್ರ ಬಂದದ್ದಲ್ಲ. ಕೈಗೆ ಹಗ್ಗ ಸುತ್ತಿಕೊಂಡು ಗುದ್ದಾಡುತ್ತಿದ್ದ ಥಾಯ್ಲೆಂಡಿನ ಮುಯೆ ಬೊರಾನ್ 1920ರ ದಶಕದಲ್ಲಿ ಕೈಗವಸು, ರಿಂಗು, ಸುತ್ತುಗಳಿಗೆ ಒಗ್ಗಿ ಇಂದಿನ ಮುಯೆ ಥಾಯ್ ಆಯಿತು. ನಮ್ಮ ಕುಸ್ತಿಯಲ್ಲಿ ಬದಲಾದದ್ದು ನೆಲವೇ, ಮಣ್ಣಿನ ಮಟ್ಟಿಯ ಜಾಗಕ್ಕೆ ಮ್ಯಾಟು ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿನ ಅಭ್ಯಾಸವಿಲ್ಲದೆಯೂ ಆರನೆಯವರಾದ ಭಾರತದ ಪೈಲ್ವಾನ ಕೆ.ಡಿ. ಜಾಧವ್, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ತಂದರು. ಮ್ಯಾಟಿನ ಕುಸ್ತಿ ಮೂರು ಮೂರು ನಿಮಿಷದ ಎರಡು ಸುತ್ತು, ತೂಕಕ್ಕೆ ತಕ್ಕ ವಿಭಾಗ, ಅಂಕಗಳ ಲೆಕ್ಕ. ಎದುರಾಳಿಯ ಉಸಿರು ಸೋಲುವವರೆಗೆ ಕಾಯುವ ಮಟ್ಟಿಯ ತಾಳ್ಮೆಗೆ ಅಲ್ಲಿ ಬೆಲೆಯಿಲ್ಲ. ಸರ್ಕಾರಿ ಕ್ರೀಡಾಕೂಟ, ಕ್ರೀಡಾ ಮೀಸಲಾತಿಯ ಉದ್ಯೋಗ ಎಲ್ಲಕ್ಕೂ ಮ್ಯಾಟೇ ದಾರಿಯಾದಾಗ ಹುಡುಗರು ಅತ್ತ ಹೊರಳಿದ್ದು ಸಹಜ. ಬರೀ ಮೈಕಟ್ಟು ಬೇಕಾದವರಿಗೆ ಬೀದಿಗೊಂದು ಜಿಮ್ ಬಂತು. ಬಾದಾಮಿ, ತುಪ್ಪ, ಹಾಲಿನ ಖರ್ಚು ಹೊರುವ ಸಾಹುಕಾರರು ಕಡಿಮೆಯಾದರು. ಮಣ್ಣು ಕೆದಕುವವರಿಲ್ಲದ ಮಟ್ಟಿ ಗಟ್ಟಿನೆಲವಾಗುತ್ತದೆ. ಆಮೇಲೆ ಅಲ್ಲಿ ಬಿದ್ದವನ ಮೂಳೆಗೇ ಅಪಾಯ.

ಹಾಗೆಂದು ಹಳೆಯದನ್ನೆಲ್ಲ ಹೊಗಳಬೇಕಿಲ್ಲ. ಗರಡಿಮನೆ ಗಂಡಸರದ್ದಷ್ಟೇ ಆಗಿತ್ತು. ಮಹಿಳಾ ಕುಸ್ತಿ 2004ರಲ್ಲಿ ಒಲಿಂಪಿಕ್ಸ್ ಸೇರಿತು. ಮೈಸೂರು ದಸರಾ ಕುಸ್ತಿಯಲ್ಲೂ ಈಗ ಹೆಣ್ಣುಮಕ್ಕಳು ಸೆಣಸುತ್ತಾರೆ, ಗೆದ್ದವಳಿಗೆ ‘ದಸರಾ ಕಿಶೋರಿ’ ಬಿರುದೂ ಇದೆ.