ಒಂದು ಹಾಳೆ, ನಡುವೆ ಒಂದು ಗೆರೆ

ಪದವಿ ಮುಗಿಸಿದ ಮಗ ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ಇಡುತ್ತೇನೆ ಎನ್ನುತ್ತಾನೆ. ತಂದೆಗೆ ಅದು ಒಪ್ಪಿಗೆಯಿಲ್ಲ. ಬೆಳಿಗ್ಗೆ ಲಾಭದ ಮಾತಾದರೆ ರಾತ್ರಿ ಸಾಲದ ಭಯ. ವಾರ ಕಳೆದರೂ ಮಾತು ಮೊದಲಿದ್ದಲ್ಲೇ ಇರುತ್ತದೆ. ಇಂಥ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಇದೇ ಬಗೆಯ ತೊಯ್ದಾಟಕ್ಕೆ 1772ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಸಿಕ್ಕಿದ್ದ. ವಿಜ್ಞಾನದ ಪಾಠದಲ್ಲಿ ಆಮ್ಲಜನಕದ ಜೊತೆ ಬರುವ ಹೆಸರು ಅದು. ಆಗ ಆತ ಲೀಡ್ಸ್ ಪಟ್ಟಣದಲ್ಲಿ ಪಾದ್ರಿ. ವರ್ಷಕ್ಕೆ ನೂರು ಗಿನಿ ಸಂಬಳ, ಹೆಂಡತಿ, ಮೂವರು ಮಕ್ಕಳು. ಲಾರ್ಡ್ ಶೆಲ್ಬರ್ನ್ ಎಂಬ ಶ್ರೀಮಂತ ತನ್ನ ಗ್ರಂಥಾಲಯ ನೋಡಿಕೊಳ್ಳಲು ಆತನನ್ನು ಕರೆದ. ವರ್ಷಕ್ಕೆ 250 ಪೌಂಡು! ಆದರೆ ನೆಲೆ ನಿಂತ ಊರು ಬಿಡಬೇಕು, ದೊಡ್ಡವರ ಆಶ್ರಯದಲ್ಲಿ ಬದುಕಬೇಕು. ಪ್ರೀಸ್ಟ್ಲಿ ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್‌ನ ಸಲಹೆ ಕೇಳಿದ.

ಫ್ರಾಂಕ್ಲಿನ್ ಎಂದರೆ ಮಕ್ಕಳಿಗೆ ಗಾಳಿಪಟ ಮತ್ತು ಮಿಂಚು ನೆನಪಾಗುತ್ತದೆ. ಆದರೆ ಆತ ನುರಿತ ವ್ಯಾಪಾರಿಯೂ ಹೌದು. ಫಿಲಡೆಲ್ಫಿಯದಲ್ಲಿ ಮುದ್ರಣಾಲಯ ಬೆಳೆಸಿ, 1748ರಲ್ಲಿ, 42ನೆಯ ವಯಸ್ಸಿಗೇ ಅದರ ದಿನನಿತ್ಯದ ಕೆಲಸದಿಂದ ಬಿಡುವು ಪಡೆದವನು. 1772ರ ಸೆಪ್ಟೆಂಬರ್ 19ರಂದು ಲಂಡನ್ನಿನಿಂದ ಆತ ಬರೆದ ಉತ್ತರದಲ್ಲಿ ಹೋಗು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಹೇಗೆ ತೀರ್ಮಾನಿಸಬೇಕು ಎಂಬುದಷ್ಟೇ ಇದೆ.

ವಿಧಾನ ಸರಳ. ಹಾಳೆಯ ನಡುವೆ ಗೆರೆ ಎಳೆಯಬೇಕು. ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಚುಟುಕಾಗಿ ಬರೆಯುತ್ತ ಹೋಗಬೇಕು. ಆಮೇಲೆ ತೂಕ ನೋಡಬೇಕು. ಎರಡೂ ಕಡೆಯ ಒಂದೊಂದು ಕಾರಣ ಸಮತೂಕವಾದರೆ ಎರಡನ್ನೂ ಹೊಡೆದುಹಾಕುವುದು. ಪರವಾದ ಒಂದು, ವಿರೋಧದ ಎರಡಕ್ಕೆ ಸಮವಾದರೆ ಮೂರನ್ನೂ. ಬೀಜಗಣಿತದ ಸಮೀಕರಣ ಬಿಡಿಸಿದಂತೆಯೇ. ಕೊನೆಗೆ ಉಳಿದದ್ದನ್ನು ನೋಡಿ, ಒಂದೆರಡು ದಿನ ಹೊಸ ಅಂಶವೇನೂ ಹೊಳೆಯದಿದ್ದರೆ ನಿರ್ಧಾರಕ್ಕೆ ಬರುವುದು.

ದಿನಗಳೇಕೆ ಬೇಕು? ಕಾರಣಗಳೆಲ್ಲ ಮನಸ್ಸಿಗೆ ಒಟ್ಟಿಗೆ ಬರುವುದಿಲ್ಲ. ಆಸೆ ಎದುರಿಗಿದ್ದಾಗ ಅಪಾಯ ಮರೆಯಾಗುತ್ತದೆ, ಭಯ ಬಂದಾಗ ಅವಕಾಶ ಕಾಣುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದಿಡುವುದೇ ಹಾಳೆಯ ಕೆಲಸ.

ಈಗ ಜೆರಾಕ್ಸ್ ಅಂಗಡಿಗೆ ಬರೋಣ. ಬಾಡಿಗೆ ತಿಂಗಳಿಗೆ 8,000 ರೂಪಾಯಿ, ಒಂದು ಪ್ರತಿಗೆ ಖರ್ಚು ಕಳೆದು ಉಳಿಯುವುದು 50 ಪೈಸೆ ಎಂದಿಟ್ಟುಕೊಳ್ಳಿ. ಬಾಡಿಗೆ ಕಟ್ಟಲಿಕ್ಕೇ 16,000 ಪ್ರತಿ ತೆಗೆಯಬೇಕು. ತಿಂಗಳಿಗೆ 26 ದಿನ ಬಾಗಿಲು ತೆರೆದರೆ ದಿನಕ್ಕೆ ಸುಮಾರು 615. ಬ್ಯಾಂಕಿನ ಕಂತು, ಹುಡುಗನ ದುಡಿಮೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕಾಲೇಜಿನ ರಜೆಯ ತಿಂಗಳುಗಳೂ ಇವೆ. ‘ವಿದ್ಯಾರ್ಥಿಗಳು ಬಹಳ ಜನ’ ಎಂಬ ಸಾಲಿಗೆ ಎಷ್ಟು ತೂಕವಿದೆ ಎಂದು ತಿಳಿಯಲು ಪಕ್ಕದ ಬೀದಿಯ ಅಂಗಡಿಯ ಹತ್ತಿರ ಎರಡು ದಿನ ನಿಂತು ಗಿರಾಕಿಗಳನ್ನು ಎಣಿಸಬೇಕು. ಪ್ರಯೋಗಶಾಲೆಯ ಅಭ್ಯಾಸ ಇಲ್ಲಿಯೂ ಒದಗುತ್ತದೆ. ಇನ್ನು, ‘ನೆಂಟರು ಏನೆಂದಾರು’ ಎಂದು ತಂದೆ ಬರೆದ ಸಾಲು ಕಾಗದದ ಮೇಲೆ ಎಷ್ಟು ಹಗುರ ಎಂಬುದು ಅವರಿಗೇ ಕಾಣುತ್ತದೆ.

ಈ ತೂಕ ತಕ್ಕಡಿಯಷ್ಟು ನಿಖರವಲ್ಲ. ಫ್ರಾಂಕ್ಲಿನ್ ಕೂಡ ಅದನ್ನು ಒಪ್ಪಿದ್ದ. ಆದರೂ ದುಡುಕುವುದು ತಪ್ಪುತ್ತದೆ.

ಪ್ರೀಸ್ಟ್ಲಿ 1773ರಲ್ಲಿ ಶೆಲ್ಬರ್ನ್ ಬಳಿ ಕೆಲಸಕ್ಕೆ ಸೇರಿದ. ಅಲ್ಲಿ ಪ್ರಯೋಗಗಳಿಗೆ ಅನುಕೂಲವಿತ್ತು. 1774ರ ಆಗಸ್ಟ್ 1ರಂದು ಮಸೂರದಿಂದ ಬಿಸಿಲನ್ನು ಪಾದರಸದ ಆಕ್ಸೈಡಿನ ಮೇಲೆ ಹಾಯಿಸಿ, ಮುಂದೆ ಆಮ್ಲಜನಕ ಎನಿಸಿಕೊಂಡ ಅನಿಲವನ್ನು ಬೇರ್ಪಡಿಸಿದ. ಊರು ಬಿಡುವಾಗ ಇದು ಯಾವ ಪಟ್ಟಿಗೂ ಸೇರುವಂಥದ್ದಾಗಿರಲಿಲ್ಲ. ನಾಳೆ ಬರುವುದನ್ನೆಲ್ಲ ಹಾಳೆ ಹೇಳಲಾರದು.

ಮನೆಯಲ್ಲಿ ಹಾಳೆ ಹಿಡಿದು ಕೂರುವಾಗ ಒಂದು ಮಾರ್ಪಾಡು ಮಾಡಿಕೊಳ್ಳಬಹುದು. ವಿರೋಧದ ಕಾರಣಗಳನ್ನು ಮಗ ಬರೆಯಲಿ, ಪರವಾದವನ್ನು ತಂದೆ ಬರೆಯಲಿ. ಅಂಗಡಿ ಇಡಲಿ, ಬಿಡಲಿ, ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿದಂತಾಗುತ್ತದೆ.