ಮೌನದ ನಿದಾನ

ಕೆಟ್ಟುಹೋದ ವಸ್ತುವನ್ನು ಕಂಡು ಖಿನ್ನರಾಗುವವರೇ ಲೋಕದಲ್ಲಿ ಬಹುಮಂದಿ. ಕೆಟ್ಟುದನ್ನು ಕಂಡೊಡನೆ ಒಳಗೊಳಗೇ ಹಿಗ್ಗುವವರು ವಿರಳ. ಗಡಿಯಾರ ಬಿಚ್ಚುವವರು, ಹಾರ್ಮೋನಿಯಂ ರೀಡುಗಳನ್ನು ತಿದ್ದುವವರು ಈ ಎರಡನೆಯ ಪಂಗಡಕ್ಕೆ ಸೇರಿದವರು. ಲಿನಕ್ಸ್ ಕಂಪ್ಯೂಟರಿನ ಬ್ರೌಸರು ಹಾಡುತ್ತ ಹಾಡುತ್ತ ಹಠಾತ್ತನೆ ಮೂಕವಾದಾಗ, ಅಥವಾ ಸದ್ದಿಲ್ಲದೆ ಕುಸಿದುಬಿದ್ದಾಗ, ಅದರ ಕಾರಣಪರಂಪರೆಯನ್ನು ಒಂದೊಂದಾಗಿ ಬಿಡಿಸಿ ನೋಡುವುದನ್ನೇ ವಿನೋದವನ್ನಾಗಿ ಮಾಡಿಕೊಂಡಿರುವ ನಾನೂ ಆ ಪಂಗಡದವನೇ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಗದಗಿನಿಂದ ಹುಬ್ಬಳ್ಳಿಯತ್ತ ಹೋಗುವ ಹೆದ್ದಾರಿಯ ಮೇಲಿರುವ ನಮ್ಮ ಬಿಂಕದಕಟ್ಟಿಯನ್ನು ಪರಸ್ಥಳದವರು ಬಲ್ಲುದು ಇಲ್ಲಿಯ ಮೃಗಾಲಯದಿಂದ. ಆದಿತ್ಯವಾರ ಊರೂರಿನ ಮಕ್ಕಳು ಪಂಜರಗಳ ಮುಂದೆ ಗುಂಪುಗೂಡುವ ಹೊತ್ತಿನಲ್ಲಿ ನಾನು ಮನೆಯಲ್ಲಿ ಕುಳಿತು ಹಳೆಯ ಸಂಗೀತವನ್ನು ಕೇಳುವವನು. ಈ ಪ್ರಾಂತಕ್ಕೆ ಕಿವಿಯ ಸಂಸ್ಕಾರವೊಂದುಂಟು. ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ಅನ್ನವನ್ನೂ ಸ್ವರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದ ನೆಲವಿದು. ಅಬ್ದುಲ್ ಕರೀಂ ಖಾನರ ಠುಮ್ರಿಯ ಧ್ವನಿಮುದ್ರಿಕೆಯನ್ನು ಕೇಳಿ ಮನಸ್ಸು ಕದಡಿ, 1933ರಲ್ಲಿ, ಇನ್ನೂ ಬಾಲಕನಾಗಿರುವಾಗಲೇ ಗುರುವನ್ನರಸುತ್ತ ಮನೆ ಬಿಟ್ಟು ಹೊರಟ ಭೀಮಸೇನ ಜೋಶಿಯವರ ಸೀಮೆಯಿದು. ಇಂಥ ಕಡೆ ಧ್ವನಿ ನಿಂತುಹೋಯಿತೆಂದರೆ ಅದು ಸಣ್ಣ ಮಾತಲ್ಲ.

ಬ್ರೌಸರಿನಿಂದ ಹೊರಟ ಸ್ವರವು ನಮ್ಮ ಕಿವಿಗೆ ನೇರವಾಗಿ ಬರುವುದಿಲ್ಲ. ಬ್ರೌಸರು ಸಂಕೇತಗಳನ್ನು ಬಿಡಿಸಿ ಧ್ವನಿಯ ಅಂಕಿಗಳನ್ನಾಗಿಸಿ ಪೈಪ್‌ವೈರ್ ಎಂಬ ಮಧ್ಯವರ್ತಿಗೆ ಒಪ್ಪಿಸುವುದು. ಹಳೆಯ ವ್ಯವಸ್ಥೆಗಳಲ್ಲಿ ಆ ಸ್ಥಾನ ಪಲ್ಸ್‌ಆಡಿಯೋದ್ದು. ಅದು ಹಲವು ಪ್ರೋಗ್ರಾಮುಗಳ ಧ್ವನಿಗಳನ್ನು ಬೆರೆಸಿ ಲಿನಕ್ಸಿನ ತಿರುಳಾದ ಕರ್ನೆಲ್ಲಿನಲ್ಲಿರುವ ಅಲ್ಸಾ ಎಂಬ ವಿಭಾಗಕ್ಕೆ ಕೊಡುವುದು. ಅಲ್ಲಿಂದ ಧ್ವನಿಯ ಚಿಪ್ಪಿಗೆ, ಚಿಪ್ಪಿನಿಂದ ಸ್ಪೀಕರಿಗೆ. ಬಾವಿಯಲ್ಲಿ ನೀರಿದ್ದೂ ಮಡಿಗೆ ನೀರು ಬಾರದಿದ್ದಾಗ ಒಕ್ಕಲಿಗನು ಕಾಲುವೆಗುಂಟ ನಡೆದು ಎಲ್ಲಿಯವರೆಗೆ ನೆಲ ಹಸಿಯಾಗಿದೆ ಎಂದು ನೋಡುವಂತೆ, ನಾವೂ ಧ್ವನಿ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎಂಬುದನ್ನು ನೋಡುತ್ತ ನಡೆಯಬೇಕು.

ಹೀಗೆ ನಡೆದವನಿಗೆ ಮೊದಲು ಹೊಳೆಯುವ ಸಂಗತಿಯೆಂದರೆ ಮೌನ ಒಂದೇ ಬಗೆಯದಲ್ಲವೆಂಬುದು. ಟ್ಯಾಬಿನ ಬಾಯನ್ನು ನಾವೇ ಮುಚ್ಚಿ ಮರೆತ ಮೌನವೊಂದು. ಓದುಗನು ಒಂದು ಗುಂಡಿಯನ್ನಾದರೂ ಒತ್ತುವ ತನಕ ಪುಟವು ತಾನಾಗಿ ಸದ್ದು ಮಾಡಬಾರದೆಂದು 2018-19ರ ಸುಮಾರಿಗೆ ಕ್ರೋಮ್, ಫೈರ್‌ಫಾಕ್ಸ್‌ಗಳು ವಿಧಿಸಿದ ಕಟ್ಟಳೆಯ ಮೌನ ಮತ್ತೊಂದು. ಪರದೆಯ ತಂತಿಯನ್ನು ಸಿಕ್ಕಿಸಿದೊಡನೆ ಧ್ವನಿಯೆಲ್ಲ ಎಚ್‌ಡಿಎಂಐ ದಾರಿ ಹಿಡಿದು, ಸ್ಪೀಕರೇ ಇಲ್ಲದ ಪರದೆಗೆ ಹೋಗಿ ವ್ಯರ್ಥವಾಗುವುದೂ ಉಂಟು. ಅಲ್ಸಾಮಿಕ್ಸರ್ ಎಂಬ ಸರಳವಾದ ಕಿಟಕಿಯನ್ನು ತೆರೆದರೆ ಕಂಬಗಳ ಕೆಳಗೆ ಎರಡೆರಡು ಅಕ್ಷರಗಳು ಕಾಣುತ್ತವೆ. ಎರಡು ಸೊನ್ನೆಗಳಿದ್ದರೆ ದಾರಿ ತೆರೆದಿದೆ, ಎರಡು ‘ಎಂ’ಗಳಿದ್ದರೆ ಮುಚ್ಚಿದೆ, ‘ಎಂ’ ಕೀಲಿಯನ್ನು ಒಮ್ಮೆ ಒತ್ತಿದರೆ ತೆರೆಯುತ್ತದೆ. ಇನ್ನೊಂದು ಬಹು ಸೂಕ್ಷ್ಮವಾದ ಮೌನವಿದೆ: ಹಾಡಿನ ಮೊದಲ ಅಕ್ಷರ ಮಾತ್ರ ನುಂಗಿಹೋಗುವುದು. ವಿದ್ಯುತ್ತನ್ನು ಉಳಿಸಲೆಂದು ಚಿಪ್ಪು ಕೆಲವು ಸೆಕೆಂಡು ಕೆಲಸವಿಲ್ಲದಿದ್ದರೆ ನಿದ್ರೆಗೆ ಜಾರುತ್ತದೆ. ಎಚ್ಚರಗೊಳ್ಳುವ ಆ ಕ್ಷಣದಲ್ಲಿ ಗಾಯಕನ ಷಡ್ಜದ ಆರಂಭ ಕಳೆದುಹೋಗುತ್ತದೆ. ಇದನ್ನು ಗುರುತಿಸಿದ ದಿನ ನನಗಾದ ಸಂತೋಷ, ಆ ಷಡ್ಜವನ್ನು ಕೇಳಿದಾಗ ಆದ ಸಂತೋಷಕ್ಕಿಂತ ಕಡಿಮೆಯದೆಂದು ಹೇಳಲಾರೆ.

ಈ ದಾರಿಯೂ ಒಂದೇ ಕಾಲದಲ್ಲಿ ಕಟ್ಟಿದುದಲ್ಲ. ಚೆಕ್ ದೇಶದ ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಆರಂಭಿಸಿದ ಅಲ್ಸಾ, ಲೆನಾರ್ಟ್ ಪೊಯೆಟರಿಂಗ್ ತಂದ ಪಲ್ಸ್‌ಆಡಿಯೋ, ವಿಮ್ ಟೇಮನ್ಸ್ ಕಟ್ಟಿದ ಪೈಪ್‌ವೈರ್, ಹೀಗೆ ಒಂದರ ಮೇಲೊಂದು ಅಂತಸ್ತು ಏರಿತು. ಪ್ರತಿ ಅಂತಸ್ತು ಏರಿದಾಗಲೂ ಕೆಲವರ ಮನೆಯಲ್ಲಿ ಧ್ವನಿ ನಿಂತಿತು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್‌ನ 52ನೆಯ ಆವೃತ್ತಿಯು ಪಲ್ಸ್‌ಆಡಿಯೋ ಇಲ್ಲದೆ ತಾನು ಹಾಡುವುದಿಲ್ಲವೆಂದು ಹಟ ಹಿಡಿದಾಗ, ಬರಿಯ ಅಲ್ಸಾದಲ್ಲೇ ತೃಪ್ತರಾಗಿದ್ದ ಸರಳಜೀವಿಗಳು ಪಟ್ಟ ಪಾಡನ್ನು ನೆನೆದರೆ ಈಗಲೂ ಮರುಕವಾಗುತ್ತದೆ.

ಪೂರ್ಣ ಮೌನಕ್ಕಿಂತಲೂ ರಸವತ್ತಾದ ವ್ಯಾಧಿ ಚರಚರ ಸದ್ದು. ಒಂದು ಸೆಕೆಂಡಿಗೆ 48,000 ಅಂಕಿಗಳಂತೆ ಧ್ವನಿ ಹರಿಯುವಾಗ, 1,024 ಅಂಕಿಗಳ ಒಂದೊಂದು ಕಂತನ್ನು ಸುಮಾರು 21 ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಒಪ್ಪಿಸಬೇಕು. ಬ್ರೌಸರು ಬೇರಾವುದೋ ಕೆಲಸದಲ್ಲಿ ತೊಡಗಿ ಒಂದು ಕಂತು ತಡವಾಯಿತೆಂದರೆ ಸ್ವರದಲ್ಲಿ ಸೀಳು ಬೀಳುತ್ತದೆ. ಸಿನಿಮಾ ಹಾಡಿನ ತಾಳವಾದ್ಯಗಳ ಅಬ್ಬರದಲ್ಲಿ ಈ ಸೀಳು ಅಡಗಿಕೊಳ್ಳಬಲ್ಲುದು. ಆದರೆ ತಂಬೂರಿಯ ಅಖಂಡನಾದದ ಮುಂದೆ ಅದಕ್ಕೆ ಮರೆಯೆಂಬುದಿಲ್ಲ. ಆದುದರಿಂದ ಯಾರ ಮನೆಯ ಕಂಪ್ಯೂಟರನ್ನು ಪರೀಕ್ಷಿಸಬೇಕಾದರೂ ನಾನು ಮೊದಲು ಹಚ್ಚುವುದು ವಿಲಂಬಿತ್ ಖ್ಯಾಲಿನ ಮೊದಲ ಕೆಲವು ನಿಮಿಷಗಳನ್ನು. ಗವಾಯಿಯು ಇನ್ನೂ ಸ್ವರ ಹಿಡಿಯುವ ಮುನ್ನವೇ ಯಂತ್ರದ ಆರೋಗ್ಯ ನನಗೆ ತಿಳಿದಿರುತ್ತದೆ.

ನೆರೆಮನೆಯ ನಿವೃತ್ತ ಮಾಸ್ತರರಿಗೆ ಈ ವಿಳಂಬವೇ ಸಹನೆಯಾಗದು. “ತಮ್ಮಾ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿಬಿಡು, ಇಷ್ಟ್ಯಾಕ ಒದ್ದಾಡ್ತಿ?” ಎನ್ನುತ್ತಾರೆ.

“ಬಂದ್ ಮಾಡಿದ್ರ ದನಿ ಬರತೈತ್ರಿ ಮಾಸ್ತರ, ಆದ್ರ ಯಾಕ ಹೋಗಿತ್ತು ಅನ್ನೂದು ತಿಳಿಯೂದಿಲ್ರಿ.”

ಸರ್ವರೋಗಕ್ಕೂ ಮರುಚಾಲನೆಯೊಂದೇ ಔಷಧವೆಂಬ ಈ ಸಾರ್ವತ್ರಿಕ ಉಪದೇಶವನ್ನು ನಾನು ದ್ವೇಷಿಸುತ್ತೇನೆಂದರೂ ಸಲ್ಲುವುದು. ರೋಗದೊಡನೆ ರೋಗದ ಸಾಕ್ಷ್ಯವನ್ನೂ ಅದು ತೊಳೆದುಹಾಕುತ್ತದೆ. ಬ್ರೌಸರು ಕುಸಿದುಬಿದ್ದ ಸಂದರ್ಭದಲ್ಲಂತೂ ಸಾಕ್ಷ್ಯವೇ ಸರ್ವಸ್ವ. ಲಿನಕ್ಸಿನ ದೊಡ್ಡ ಗುಣವೆಂದರೆ ಪ್ರೋಗ್ರಾಮೊಂದು ಹೀಗೆ ಕುಸಿದುಬಿದ್ದರೆ ಅದನ್ನು ಸಾಮಾನ್ಯವಾಗಿ ಬರೆದಿಡುತ್ತದೆ. ಟರ್ಮಿನಲ್ಲಿನಲ್ಲಿ ಕರ್ನೆಲ್ಲಿನ ದಿನಚರಿಯನ್ನು ತೆರೆದರೆ ತಿಳಿಯುತ್ತದೆ: ತನ್ನದಲ್ಲದ ಸ್ಮೃತಿಯನ್ನು ಮುಟ್ಟಹೋಗಿ 11ನೆಯ ಸಂಕೇತದಿಂದ ಸತ್ತಿತೋ, ಇಲ್ಲವೆ ಯಂತ್ರದ ಸ್ಮೃತಿಯೆಲ್ಲ ಮುಗಿದುಹೋದಾಗ ಕರ್ನೆಲ್ಲೇ 9ನೆಯ ಸಂಕೇತವನ್ನು ಕಳಿಸಿ ಬಲಿಗೊಟ್ಟಿತೋ ಎಂಬುದು. ಮೊದಲನೆಯದು ಬ್ರೌಸರಿನ ಅಥವಾ ಚಿತ್ರ ತೋರಿಸುವ ಡ್ರೈವರಿನ ದೋಷವಾಗಿರಬಹುದು. ಎರಡನೆಯದರಲ್ಲಿ ಬ್ರೌಸರು ಬಹುಮಟ್ಟಿಗೆ ನಿರಪರಾಧಿ, ನಾಲ್ಕು ಜಿಬಿ ಸ್ಮೃತಿಯ ಯಂತ್ರದಲ್ಲಿ ಮೂವತ್ತು ಟ್ಯಾಬುಗಳನ್ನು ತೆರೆದಿಟ್ಟ ಯಜಮಾನನೇ ಅಪರಾಧಿ. ಇಂಥ ಸಂಕಟಕಾಲದಲ್ಲಿ ತನ್ನ ಇಡೀ ಸಂಸಾರ ಸಾಯುವ ಬದಲು ಒಂದೆರಡು ಟ್ಯಾಬುಗಳು ಮಾತ್ರ ಮೊದಲು ಬಲಿಯಾಗಲೆಂದು ಕ್ರೋಮಿನ ಮೂಲವಾದ ಕ್ರೋಮಿಯಂ ತಾನೇ ಮುಂಚಿತವಾಗಿ ಅವುಗಳ ಹಣೆಯ ಮೇಲೆ ಗುರುತು ಹಾಕಿರುತ್ತದೆ!

ಕಾರಣ ಸ್ಪಷ್ಟವಾಗದಿದ್ದರೆ ನಮ್ಮ ತಾರ್ಕಿಕರ ಅನ್ವಯ-ವ್ಯತಿರೇಕವೇ ಗತಿ. ಹೊಸ ಪ್ರೊಫೈಲಿನಲ್ಲಿ ಬ್ರೌಸರು ಬೀಳದಿದ್ದರೆ ಹಳೆಯ ಪ್ರೊಫೈಲು ಶಂಕಾಸ್ಪದ. ಆಡ್-ಆನುಗಳನ್ನು ತೆಗೆದಾಗ ಕುಸಿತ ನಿಂತರೆ ಅವು. ಹಾರ್ಡ್‌ವೇರ್ ವೇಗವರ್ಧನೆಯನ್ನು ನಿಲ್ಲಿಸಿದಾಗ ನಿಂತರೆ ಡ್ರೈವರು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿಯ ಏಕೈಕ ವ್ರತ.

ಈ ವಿದ್ಯೆಯ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ ನಡೆದುದು 2010ರಲ್ಲಿ. ಫೆಡೋರಾ ಎಂಬ ಲಿನಕ್ಸಿನ 14ನೆಯ ಆವೃತ್ತಿಗೆ ಬಂದವರಿಗೆ ಬ್ರೌಸರಿಗೆ ಜೋಡಿಸುವ ಫ್ಲ್ಯಾಷ್ ಎಂಬ ಪ್ಲಗಿನ್ನಿನಲ್ಲಿ ಹಾಡು ವಿಕಾರವಾಗಿ ಕೇಳತೊಡಗಿತು. ಆ ಪೀಡೆಗೊಳಗಾದವರಲ್ಲಿ ಲಿನಕ್ಸಿನ ಜನಕನಾದ ಲೀನಸ್ ಟೊರ್ವಾಲ್ಡ್ಸ್ ಕೂಡ ಒಬ್ಬರು. ವ್ಯಾಲ್‌ಗ್ರಿಂಡ್ ಎಂಬ ಉಪಕರಣದಿಂದ ಶೋಧಿಸಿದ ಅವರಿಗೆ ಕಂಡುದೇನೆಂದರೆ, ಸ್ಮೃತಿಯ ಒಂದೆಡೆಯಿಂದ ಇನ್ನೊಂದೆಡೆಗೆ ಅಂಕಿಗಳನ್ನು ನಕಲು ಮಾಡುವ ಮೆಮ್‌ಕಾಪಿ ಎಂಬ ಸಣ್ಣ ಕ್ರಿಯೆಯನ್ನು ಫ್ಲ್ಯಾಷ್ ತಪ್ಪಾಗಿ ಬಳಸುತ್ತಿತ್ತು: ಮೂಲವೂ ಪ್ರತಿಯೂ ಒಂದರ ಮೇಲೊಂದು ಹಾಸಿಕೊಂಡಿರುವಲ್ಲಿ ಅದನ್ನು ಬಳಸಬಾರದು, ಅದಕ್ಕೆ ಮೆಮ್‌ಮೂವ್ ಎಂಬ ಬೇರೆ ಕ್ರಿಯೆಯಿದೆ. ಅದುವರೆಗೆ ನಕಲು ಮೊದಲಿನಿಂದ ಕೊನೆಗೆ ಸಾಗುತ್ತಿದ್ದುದರಿಂದ ತಪ್ಪು ತಪ್ಪಾಗಿ ಕಾಣಿಸಿರಲಿಲ್ಲ. ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಯವರು ವೇಗಕ್ಕಾಗಿ ಕೆಲವು ಹೊಸ ಪ್ರೊಸೆಸರುಗಳ ಮೇಲೆ ಅದನ್ನು ಕೊನೆಯಿಂದ ಮೊದಲಿಗೆ ನಡೆಸಿದೊಡನೆ ಹಾಡು ಹಾಳಾಯಿತು. ಶಾಸ್ತ್ರ ತಮ್ಮ ಪಕ್ಷದಲ್ಲಿದೆಯೆಂದು ಗ್ಲಿಬ್‌ಸಿಯವರು ವಾದಿಸಿದರು; ಕೇಳುವವನಿಗೆ ಬೇಕಾದುದು ಹಾಡು, ಶಾಸ್ತ್ರವಲ್ಲ ಎಂಬುದು ಟೊರ್ವಾಲ್ಡ್ಸರ ಪಕ್ಷ. ಶಾಸ್ತ್ರದ ದೃಷ್ಟಿಯಿಂದ ಮೊದಲಿನವರೇ ಗೆದ್ದರೆಂದು ನಾನು ಒಪ್ಪುತ್ತೇನೆ, ಆದರೆ ನನ್ನ ಮತ ಎರಡನೆಯವರಿಗೇ. ಮರುವರ್ಷ ಗ್ಲಿಬ್‌ಸಿಯ 2.14ನೆಯ ಆವೃತ್ತಿಯಲ್ಲಿ ಹಳೆಯ ಪ್ರೋಗ್ರಾಮುಗಳಿಗೆ ಹಳೆಯ, ನಿರಪಾಯವಾದ ನಡೆಯನ್ನೇ ಉಳಿಸಿಕೊಟ್ಟು ವಿವಾದಕ್ಕೆ ತೆರೆಯೆಳೆದರು. ಫ್ಲ್ಯಾಷ್ ಸ್ವತಃ 2020ರ ಡಿಸೆಂಬರ್ 31ರಂದು ಮುಗಿಯಿತು.

ಇದೆಲ್ಲ ಬರಿಯ ಹವ್ಯಾಸವೆಂದು ತಳ್ಳಿಹಾಕುವವರಿಗೆ ಒಂದು ಮಾತು. ಓರ್ಕಾ ಎಂಬ ವಾಚಕವು ಲಿನಕ್ಸಿನ ಪರದೆಯನ್ನು ಕಣ್ಣಿಲ್ಲದವರಿಗೆ ಓದಿಹೇಳುತ್ತದೆ. ಇ-ಸ್ಪೀಕ್‌ನ ನೆರವಿನಿಂದ ಕನ್ನಡದಲ್ಲಿಯೂ, ತುಸು ಗಡಸು ಧ್ವನಿಯಲ್ಲಾದರೂ, ನುಡಿಯುತ್ತದೆ. ಅಂಥವರ ಯಂತ್ರದಲ್ಲಿ ಧ್ವನಿ ಹೋಯಿತೆಂದರೆ ಪರದೆಯೇ ಹೋದಂತೆ. ದೋಷವನ್ನು ಹುಡುಕುವ ಸಾಧನಗಳೂ ಅದರೊಡನೆಯೇ ಹೋದಂತೆ. ಗದಗಿನ ಸೀಮೆಯವನಾದ ನಾನು ಇದನ್ನು ಮರೆಯಲಾರೆ.

ಮೊನ್ನೆ ಮಾಸ್ತರರು ಅಬ್ದುಲ್ ಕರೀಂ ಖಾನರ ಹಳೆಯ ಮುದ್ರಿಕೆಯನ್ನು ಹಚ್ಚಿಸಿ, ಚರಚರ ಕೇಳಿಸಿದೊಡನೆ ನನ್ನ ಮುಖ ನೋಡಿದರು. ದಿನಚರಿಯಲ್ಲಿ ಒಂದು ಕಂತೂ ತಪ್ಪಿರಲಿಲ್ಲ. ಅದೇ ಭಾಗವನ್ನು ಮತ್ತೆ ಹಚ್ಚಿದಾಗ ಸದ್ದು ಅದೇ ಅಕ್ಷರದ ಮೇಲೆ ಬಂದಿತು. ಯಂತ್ರದ ಸೀಳು ಹೀಗೆ ಒಂದೇ ಜಾಗದಲ್ಲಿ ಮರಳುವುದಿಲ್ಲ. ಗಮನವಿಟ್ಟು ಕೇಳಿದರೆ ಟಿಕ್ಕೆಂಬ ಸದ್ದು ಮುಕ್ಕಾಲು ಸೆಕೆಂಡಿಗೆ ತುಸು ಮಿಕ್ಕ ಅಂತರದಲ್ಲಿ ಆವರ್ತಿಸುತ್ತಿತ್ತು: ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಮೇಲಿನ ಒಂದು ಗೀರು ಮುಳ್ಳಿನ ಕೆಳಗೆ ಮರಳಿ ಬರುವ ಕಾಲವೇ ಅದು. ದೋಷವು ಕಂಪ್ಯೂಟರು ಹುಟ್ಟುವುದಕ್ಕೂ ಮುಂಚಿನದು! ಸದ್ದನ್ನು ಸೋಸುವ ಶೋಧಕ ಜೋಡಿಸಿ ಅದನ್ನು ಅಳಿಸಿ ತೋರಿಸಿದೆ. ಚರಚರದೊಡನೆ ಖಾನಸಾಹೇಬರ ಕಂಠದ ಮೊನೆಯೂ ಮೊಂಡಾಯಿತು.

“ಅದನ್ನ ತಗೀಬ್ಯಾಡೋ ತಮ್ಮಾ,” ಎಂದರು ಮಾಸ್ತರರು, “ಇದ್ದಾಂಗ ಇರ್ಲಿ, ದನಿ ಜರಾ ಏರಸು.”