ಹಳ್ಳಕ್ಕೆ ಬಿಟ್ಟ ಮೂರು ಗುಂಟೆ

ಮೊನ್ನೆ ರಾತ್ರಿ ಮಳೆ ಜೋರಾಗಿ ಹೊಡೀತು. ಎರಡು ಗಂಟೆಗೆ ಬ್ಯಾಟರಿ ಹಿಡ್ಕೊಂಡು ಹಳ್ಳದ ಹತ್ರ ಹೋಗಿ ನೋಡಿದೆ. ನೀರು ದಡಕ್ಕಿಂತ ಒಂದು ಮೊಳ ಕೆಳಗೇ ಹರೀತಿತ್ತು. ವಾಪಸ್ ಬಂದು ಮಲಗಿದೆ. 2022ರಿಂದ ಈಚೆಗೆ ಇಂಥ ಮಳೇಲಿ ನಿದ್ದೆ ಬಂದಿದ್ದು ಇದೇ ಮೊದಲು. ಬೆಳಿಗ್ಗೆ ಅಕ್ಕಪಕ್ಕದ ಊರಿನವರು ಫೋನ್ ಮಾಡಿ "ನಿಮ್ಮ ಕಡೆ ಏನು ಮಾಡಿದ್ರಿ?" ಅಂತ ಕೇಳಿದ್ರು. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತೀನಿ. ನನ್ನ ತಪ್ಪನ್ನೂ ಸೇರಿಸಿ.

2022ರ ಆಗಸ್ಟ್ ಕೊನೆ ನಿಮಗೆಲ್ಲ ನೆನಪಿದೆ. ರಾಮನಗರದ ಹತ್ರ ಬೆಂಗಳೂರು-ಮೈಸೂರು ಹೆದ್ದಾರಿ ಮೇಲೇ ನೀರು ನಿಂತಿತ್ತು. ಆ ವಾರ ನಮ್ಮ ಹಳ್ಳ ಉಕ್ಕಿ ಒಂದೂವರೆ ಎಕರೆ ರಾಗಿ ಮುಳುಗ್ತು. ಬರೀ ಮಳೆ ನೀರಾಗಿದ್ರೆ ಎರಡು ದಿನದಲ್ಲಿ ಇಳಿದು ಒಳ್ಳೆ ಗೋಡು ಬಿಟ್ಟು ಹೋಗೋದು. ಬಂದಿದ್ದು ಪಟ್ಟಣದ ಕೊಳಚೆ. ಕರೀ ನೀರು, ಸೋಪಿನ ನೊರೆ, ಪ್ಲಾಸ್ಟಿಕ್, ಇನ್ನೇನೇನೋ. ರಾಗಿ ಕೊಳೀತು. ಅಮ್ಮ ದನಕ್ಕೆ ಹುಲ್ಲು ಕುಯ್ಯೋಕೆ ಅದರೊಳಗೇ ಇಳಿದು ಒಂದು ತಿಂಗಳು ಕಾಲು ಕೆರ್ಕೊಂಡ್ರು. ಆಮೇಲೆ ಕೊಳವೆಬಾವಿ ನೀರು ಪರೀಕ್ಷೆ ಮಾಡಿಸಿದ್ರೆ ನೈಟ್ರೇಟ್ ಮಿತಿ ದಾಟಿತ್ತು. ಕುಡಿಯೋ ನೀರಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಎಳೆ ಮಕ್ಕಳಿಗೆ ಅಂತೂ ಆ ನೀರು ಅಪಾಯ.

ಹದಿನಾಲ್ಕು ಜನ ಸೇರಿ ಅರ್ಜಿ ಹಿಡ್ಕೊಂಡು ಹೋದ್ವಿ. ಅಲ್ಲಿದ್ದ ಎಂಜಿನಿಯರ್ ಅರ್ಜಿ ನೋಡಿ, "ಹಳ್ಳ ಎಲ್ಲಿದೆ ಸ್ವಾಮಿ? ಬೇಸಿಗೇಲಿ ಒಣಗಿರುತ್ತೆ. ಅದು ಚರಂಡಿ" ಅಂದ್ರು. ಉತ್ತರ ಗೊತ್ತಿರಲಿಲ್ಲ, ಬಾಯಿ ಮುಚ್ಕೊಂಡು ವಾಪಸ್ ಬಂದ್ವಿ.

ಸಂಜೆ ಅರಳಿಕಟ್ಟೆ ಮೇಲೆ ನಾನು ಜೋರಾಗಿ ಕೂಗಾಡ್ತಿದ್ದೆ. ಮೇಲಿನ ತೋಟದ ಅಜ್ಜ ಎಲೆಅಡಿಕೆ ಉಗಿದು ಬಂದು, "ಅವರ ಮೋರಿ ತೋರ್ಸೋಕೆ ಮುಂಚೆ ನಿನ್ನ ಬದ ನೋಡ್ಕೊಳಪ್ಪ. ನಿಮ್ಮಪ್ಪ ಅದನ್ನ ಹಾಕಿದ್ದು ಹಳ್ಳದೊಳಗೆ. ಕಲ್ಲು ಹೊತ್ತಿರೋನು ನಾನೇ" ಅಂದ್ರು. ಎಲ್ಲರ ಮುಂದೆ. ಸಿಟ್ಟು ಬಂತು, ಎದ್ದು ಮನೆಗೆ ಬಂದೆ.

ಆದ್ರೂ ಗ್ರಾಮ ನಕಾಶೆ ತೆಗೆಸಿದೆ. ಕಂದಾಯ ಇಲಾಖೆ ಜಾಲತಾಣದಲ್ಲೇ ಸಿಗುತ್ತೆ, ನೀವೂ ತೆಗೆದು ನೋಡಿ. ಹಳ್ಳ ಅದರಲ್ಲಿ ಸ್ಪಷ್ಟವಾಗಿ ಇದೆ. ಸರ್ವೆಯವರು ಬಂದು ಅಳೆದಾಗ ನನ್ನ ಕಡೆಯಿಂದ ಮೂರು ಗುಂಟೆ ಹಳ್ಳದ ಜಾಗ. ಇನ್ನೂ ಆರು ಜನರದ್ದು ಒಂದು, ಒಂದೂವರೆ ಗುಂಟೆ ಹೀಗೆ. ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಹಳ್ಳಕೊಳ್ಳ, ಕೆರೆ ಎಲ್ಲ ಸರ್ಕಾರದ್ದು. ಅಪ್ಪ ನಲವತ್ತು ವರ್ಷ ಉತ್ತಿದ್ರೂ ಅದು ನಮ್ಮದಾಗಲ್ಲ.

ಆ ಮೂರು ಗುಂಟೇಲಿ ಅಪ್ಪ ನೆಟ್ಟ ಐದು ತೆಂಗು ಇದ್ವು. ಮನೆಯವಳು ಎರಡು ದಿನ ಮಾತಾಡಲಿಲ್ಲ. ನನಗೂ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಆದ್ರೆ ನಾನು ಬಿಡದೆ ಪಟ್ಟಣದವರನ್ನ ಕೇಳೋಕೆ ಯಾವ ಮುಖ ಇದೆ? ದಡ ಹಿಡಿದಿದ್ದ ಮೂರು ಮರ ಉಳಿಸ್ಕೊಂಡು ಎರಡು ತೆಗೆಸಿದೆ. ಬದ ಒಡೆದ ದಿನ ಅಜ್ಜ ಬಂದು ನಿಂತಿದ್ರು. ಮಾತಾಡಲಿಲ್ಲ. ಮಾರನೇ ವಾರ ಉಳಿದ ಆರು ಜನರೂ ಬಿಟ್ರು.

ಎಕರೆ ಲೆಕ್ಕದಲ್ಲಿ ಚಂದಾ ಹಾಕಿ ಜೆಸಿಬಿ ತರಿಸಿದ್ವಿ. ಇಲ್ಲಿ ಕಲಿತ ಎರಡು ಪಾಠ ಹೇಳ್ತೀನಿ. ಮೊದಲನೇದು, ಹಳ್ಳವನ್ನ ಕಾಲುವೆ ಥರ ನೆಟ್ಟಗೆ ಕಡಿಬೇಡಿ. ಕೆಳಗಿನ ಊರಿನವರು ಬಂದು "ನಿಮ್ಮ ನೀರನ್ನ ನಮ್ಮ ತಲೆ ಮೇಲೆ ಹಾಕ್ತೀರಾ?" ಅಂದ್ರು. ನ್ಯಾಯವಾದ ಮಾತು. ತಿರುವು ಹಾಗೇ ಬಿಟ್ಟು, ದಡ ಇಳಿಜಾರು ಮಾಡಿ ಲಾವಂಚ, ಹೊಂಗೆ ಹಾಕಿದ್ವಿ. ಮುಚ್ಚಿಹೋಗಿದ್ದ ಗೋಕಟ್ಟೆ ಹೂಳು ತೆಗೆದು, ಉಕ್ಕಿದ ನೀರು ಮೊದಲು ಅಲ್ಲಿ ನಿಲ್ಲೋ ಹಾಗೆ ಮಾಡಿದ್ವಿ.

ಎರಡನೇದು ರಸ್ತೆ ಮೋರಿ. ಅಲ್ಲಿದ್ದದ್ದು ಎರಡು ಅಡಿ ಅಗಲದ ಎರಡು ಸಿಮೆಂಟ್ ಪೈಪ್. ಎರಡರ ಬಾಯಿ ಸೇರಿ ಆರು ಚದರಡಿ ಚಿಲ್ಲರೆ. ಇಪ್ಪತ್ತು ಅಡಿ ಅಗಲ, ನಾಲ್ಕು ಅಡಿ ಆಳದ ಹಳ್ಳ ಅಂದ್ರೆ ಎಂಬತ್ತು ಚದರಡಿ. ಮೇಲೆ ನಲವತ್ತು ಎಕರೆ ಹೊಲ ಹೋಗಿ ಲೇಔಟ್ ಆಗಿದೆ. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಅಂದ್ರೆ ಸುಮಾರು 40 ಸಾವಿರ ಲೀಟರ್. ಐದು ಸೆಂಟಿಮೀಟರ್ ಹೊಡೆದ್ರೆ ನಲವತ್ತು ಎಕರೆಗೆ 80 ಲಕ್ಷ ಲೀಟರ್. ಮುಂಚೆ ಉತ್ತ ಮಣ್ಣು ಅರ್ಧಂಬರ್ಧ ಕುಡೀತಿತ್ತು, ಸಿಮೆಂಟ್ ಕುಡಿಯಲ್ಲ. ಈ ಲೆಕ್ಕ ಬರೆದು ಗ್ರಾಮಸಭೆಲಿ ಓದಿದ್ವಿ, ನಡಾವಳಿಯಲ್ಲಿ ಬರೆಸಿದ್ವಿ. ಒಂದು ವರ್ಷ ಓಡಾಡಿದ ಮೇಲೆ ಪೈಪ್ ತೆಗೆದು ಅಗಲದ ಬಾಕ್ಸ್ ಮೋರಿ ಹಾಕಿದ್ರು.

ಇನ್ನು ಕೊಳಚೆ. 'ಅದು ಚರಂಡಿ' ಅನ್ನೋ ಮಾತಿಗೆ ಉತ್ತರ 1974ರ ಜಲಮಾಲಿನ್ಯ ಕಾಯ್ದೆಯಲ್ಲೇ ಇದೆ. ಹರಿಯೋ ನೀರಿನ ದಾರಿ ಸದ್ಯಕ್ಕೆ ಒಣಗಿದ್ರೂ ಕಾಯ್ದೆ ಲೆಕ್ಕದಲ್ಲಿ ಅದು ಹಳ್ಳವೇ. ಅದಕ್ಕೆ ಕೊಳಕು ಬಿಡೋದನ್ನ 24ನೇ ಕಲಂ ನಿಷೇಧಿಸುತ್ತೆ. ಎರಡನೇ ಅರ್ಜಿ ಜೊತೆ ನಕಾಶೆ, ಈ ಕಲಂ, ಒಂದು ನೋಟ್‌ಬುಕ್ಕಿನ ಜೆರಾಕ್ಸ್ ಇಟ್ವಿ. ನೋಟ್‌ಬುಕ್ ಬರೆದದ್ದು ಹಾಲಿನ ಡೈರಿ ಹುಡುಗ. ದಿನಾ ಬೆಳಿಗ್ಗೆ ಹಾಲು ಹಾಕಿಸ್ಕೊಂಡ ಮೇಲೆ ಹಳ್ಳ ನೋಡಿ ತಾರೀಕು, ಹೊತ್ತು, ಬಣ್ಣ, ವಾಸನೆ ಬರೆದು ಫೋಟೋ ಹಿಡಿಯೋನು. ಮೂರು ತಿಂಗಳಲ್ಲಿ ಒಂದು ವಿಷಯ ಗೊತ್ತಾಯ್ತು: ಕರೆಂಟ್ ಹೋದ ದಿನವೇ ಕರೀ ನೀರು ಜಾಸ್ತಿ. ಪಂಪ್‌ಹೌಸ್ ನಿಂತಾಗ ಯುಜಿಡಿ ಚೇಂಬರ್ ಉಕ್ಕಿ ಹಳ್ಳಕ್ಕೆ ಬೀಳ್ತಿತ್ತು. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ಇದನ್ನ ತೋರಿಸಿದ ಮೇಲೆ ಯಾರೂ ಇಲ್ಲ ಅನ್ನೋಕೆ ಆಗಲಿಲ್ಲ. ಈಗ ಡೀಸೆಲ್ ಇದೆ, ಒಡೆದ ಚೇಂಬರ್ ಕಟ್ಟಿದ್ದಾರೆ.

ಎಲ್ಲ ಮುಗೀತು ಅಂತ ಹೇಳ್ತಿಲ್ಲ. ಕೆಳಗಿನ ತೋಟದ ನಮ್ಮ ಚಿಕ್ಕಪ್ಪ ಈ ಬೇಸಿಗೇಲಿ, "ನೀರೇ ನಿಲ್ಲಿಸಿಬಿಟ್ರಲ್ಲೋ, ನನ್ನ ನೇಪಿಯರ್ ಒಣಗ್ತಾ ಇದೆ" ಅಂತ ಬೈದ್ರು. ಅವರಿಗೆ ಬೇರೆ ನೀರಿಲ್ಲ, ಎರಡು ಹಸು ಇವೆ. ನಾನೂ ಆ ನೀರಲ್ಲಿ ಹುಲ್ಲು ಬೆಳೆದವನೇ. ಹುಲ್ಲು ಕಪ್ಪಗೆ ಎದ್ದು ನಿಲ್ಲುತ್ತೆ, ಅದೇ ನೀರಿಗೆ ರಾಗಿ ಮಲಗುತ್ತೆ. ಹಾಗಾಗಿ ನಮ್ಮ ಈಗಿನ ಅರ್ಜಿ 'ನೀರು ನಿಲ್ಲಿಸಿ' ಅಂತ ಅಲ್ಲ, 'ಶುದ್ಧ ಮಾಡಿ ಬಿಡಿ' ಅಂತ. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರ್ತಿದೆ. ಎರಡು ಹಂತ ಸಾಲದು, ಮೂರನೇ ಹಂತವೂ ಆಗಬೇಕು ಅಂತ ಅಲ್ಲಿನ ರೈತರು ಕೇಳ್ತಾನೇ ಇದ್ದಾರೆ. ನಾವು ಮೊದಲೇ ಸರಿಯಾಗಿ ಕೇಳೋಣ. ಚಿಕ್ಕಪ್ಪನೂ ಸಹಿ ಹಾಕಿದ್ದಾರೆ.

ಉಳಿದಿರೋ ದೊಡ್ಡ ತಲೆನೋವು, ರಾತ್ರಿ ಹೊತ್ತು ಗುಂಡಿ ಖಾಲಿ ಮಾಡಿ ತಂದು ಮೋರಿ ಹತ್ರ ಸುರಿಯೋ ಟ್ಯಾಂಕರ್‌ಗಳು. ಜಗಳ ಬೇಡ, ನಂಬರ್ ಬರ್ಕೊಂಡು ಫೋಟೋ ತೆಗೆದ್ರೆ ಸಾಕು. ಸರದಿ ಮೇಲೆ ರಾತ್ರಿಗೆ ಇಬ್ಬರು ಬೇಕು. ಮೇಲಿನ, ಕೆಳಗಿನ ಊರಿನವರೂ ಸೇರಿದ್ರೆ ತಿಂಗಳಿಗೆ ಒಬ್ಬರಿಗೆ ಒಂದೇ ರಾತ್ರಿ ಬರುತ್ತೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಗೋಕಟ್ಟೆ ಹತ್ರ ಬನ್ನಿ. ಬರುವಾಗ ನಿಮ್ಮ ಊರಿನ ನಕಾಶೆಯನ್ನೂ ತನ್ನಿ, ಒಟ್ಟಿಗೆ ಕೂತು ನೋಡೋಣ.